ಕೆಡದೇ ಇದ್ದ ಮೂವತ್ತನಾಲ್ಕು ಪಂಪುಗಳು

ಜನವರಿ ೯

ಅಕ್ಕಾ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನನ್ನ ಬಲಮಂಡಿಯೊಂದನ್ನು ಬಿಟ್ಟು. ಅದು ಇಳಿಜಾರಿನಲ್ಲಿ ಕಟಕಟ ಅನ್ನುತ್ತದಂತೆ. ಕಿವಿ ಕೇಳದವನಿಗೆ ಅದು ಹೇಗೆ ಗೊತ್ತಾಯಿತು ಅಂತ ಕೇಳಬೇಡ, ನನ್ನವಳು ಹೇಳಿದಳು.

ಫೋನ್ ಮಾಡಿದರೆ ಮುಗಿಯುವ ಮಾತಿಗೆ ಅಕ್ಕ-ತಮ್ಮ ಕಾಗದ ಬರೆದುಕೊಂಡು ಕೂರುತ್ತಾರೆ ಅಂತ ಭಾವ ನಗುತ್ತಾರಂತೆ. ಅವರಿಗೆ ಹೇಳು, ಬೋರು ಕೊರೆಯುವ ಗಾಡಿಯ ಪಕ್ಕ ಆರು ವರ್ಷ ನಿಂತ ಕಿವಿ ಇದು. ಫೋನಿನಲ್ಲಿ ನಿನ್ನ ದನಿಯೂ ಒಂದೇ, ದುಂಬಿಯ ದನಿಯೂ ಒಂದೇ. ಕಾಗದದಲ್ಲಾದರೆ ನೀನು ಗದರುವುದು ಸ್ಪಷ್ಟವಾಗಿ ಕೇಳಿಸುತ್ತದೆ.

ದಿನವೆಲ್ಲ ಏನು ಮಾಡುತ್ತೀಯ ಅಂತ ಕೇಳಿದ್ದೀಯ. ಗುಡ್ಡದ ಮೇಲೆ ಹನ್ನೊಂದು ಹಳ್ಳಿ, ಮೂವತ್ತನಾಲ್ಕು ಕೈಪಂಪು. ದಿನಕ್ಕೆ ಎರಡೋ ಮೂರೋ ಪಂಪಿನ ಹತ್ತಿರ ಹೋಗುತ್ತೇನೆ, ಹಿಡಿ ಒತ್ತಿ ನೋಡುತ್ತೇನೆ, ಚೂರುಪಾರು ಏನಾದರೂ ಇದ್ದರೆ ನೋಡಿ, ಯಾರಾದರೂ ಟೀ ಕೊಟ್ಟರೆ ಕುಡಿದು ಬರುತ್ತೇನೆ. ತಿಂಗಳ ಕೊನೆಗೆ ಫಾರಂ ತುಂಬುತ್ತೇನೆ. ಕೆಟ್ಟ ಪಂಪು: ಇಲ್ಲ. ಮಾಡಿದ ರಿಪೇರಿ: ಇಲ್ಲ. ಹದಿಮೂರು ವರ್ಷದಿಂದ ಹೀಗೇ. ಪಕ್ಕದ ಕಣಿವೆಯ ಮೆಕ್ಯಾನಿಕ್ಕು ತಿಂಗಳಿಗೆ ಹದಿನೈದು ರಿಪೇರಿ ಬರೆಯುತ್ತಾನೆ. ಎಲ್ಲವನ್ನೂ ಸುತ್ತಿಗೆಯಲ್ಲೇ ಸರಿಮಾಡುತ್ತಾನೆಂದು ಅವನಿಗೆ ಸುತ್ತಿಗೆ ಅಂತಲೇ ಹೆಸರು. ನಾನಾಗಿದ್ದರೆ ಅಷ್ಟು ಬರೆಯಲು ನಾಚಿಕೊಳ್ಳುತ್ತಿದ್ದೆ.

ನೀನು ಅಲ್ಲಿ ಏನು ಮಾಡುತ್ತೀಯ? ಕಾಗದ ತಿನ್ನುವುದು ಗೆದ್ದಲು ಮಾತ್ರ ಅಂದುಕೊಂಡಿದ್ದೆ.

ನಿನ್ನ ತಮ್ಮ

ಫೆಬ್ರುವರಿ ೨

ಗಿರಗಿಟ್ಲೆ,

ನಲವತ್ತಾರು ವರ್ಷವಾದರೂ ಒಂದು ಕಡೆ ಕೂರದ ನಿನಗೆ ಅಮ್ಮ ಇಟ್ಟ ಹೆಸರೇ ಸರಿ. ಮಂಡಿಗೆ ಬಿಸಿನೀರಿನ ಶಾಖ ಕೊಡು, ಅಲೆಯುವುದನ್ನು ಕಡಿಮೆ ಮಾಡು. ಗದರಿದ್ದು ಕೇಳಿಸಿತೇ?

ನಾನು ತಿನ್ನುವ ಕಾಗದದ ವಿಷಯ ಹೇಳುತ್ತೇನೆ. ಮೂರನೆಯ ಮಹಡಿ, ಕಿಟಕಿ ತೆರೆದರೆ ವಾಹನ ನಿಲ್ಲಿಸುವ ಜಾಗ. ಗ್ರಾಮೀಣ ನೀರಿನ ಯೋಜನೆಗಳ ಕಡತವೆಲ್ಲ ನನ್ನ ಮೇಜಿನ ಮೇಲೆ. ನಮ್ಮ ನಿರ್ದೇಶಕರಿಗೆ ಎಲ್ಲವೂ ಒಂದು ಪುಟದಲ್ಲಿ ಬೇಕು. ನೂರು ಪುಟದ ವರದಿ ಕೊಟ್ಟರೂ "ಅಮ್ಮಾ, ಇದರ ಸಾರಾಂಶ ಏನು?" ಅನ್ನುತ್ತಾರೆ. ಬೆನ್ನ ಹಿಂದೆ ನಾವೂ ಅವರನ್ನು ಸಾರಾಂಶ ಅನ್ನುತ್ತೇವೆ.

ಈಗ ಹೊಸ ನೀತಿಯ ಕರಡು ಬರೆಯುವ ಕೆಲಸ ನನ್ನದು. ಹಣ ಸುರಿದು ಪಂಪು ಹಾಕಿಸುತ್ತೇವೆ, ನಾವು ಬೆನ್ನು ತಿರುಗಿಸಿದ ಮರುವರ್ಷ ಅರ್ಧ ಕೆಟ್ಟು ನಿಂತಿರುತ್ತವೆ. ಹೊರಗಿನವರ ಕೈಯಿಲ್ಲದೆ ತಮ್ಮ ಕಾಲ ಮೇಲೆ ನಿಂತ ಊರು ಎಲ್ಲಿದೆ, ಹೇಗೆ ನಿಂತಿತು ಅಂತ ಹುಡುಕುತ್ತಿದ್ದೇನೆ. ಪಟ್ಟಿ ತೆಗೆಸಿದರೆ ಮೊದಲನೆಯ ಸಾಲಿನಲ್ಲೇ ನಿನ್ನ ಗುಡ್ಡ! ಕೆಟ್ಟ ಪಂಪು ಸೊನ್ನೆ. ಇಡೀ ಪಟ್ಟಿಯಲ್ಲಿ ಹದಿಮೂರು ವರ್ಷವೂ ಸೊನ್ನೆಯೇ ಇರುವುದು ನಿನ್ನ ಗುಡ್ಡಕ್ಕೆ ಮಾತ್ರ. ಕಣ್ಣು ತುಂಬಿ ಬಂತು ಕಣೋ.

ಏನಿದರ ಗುಟ್ಟು? ತಮಾಷೆ ಬಿಟ್ಟು ಬರೆ, ನನಗೆ ಕೆಲಸಕ್ಕೆ ಬೇಕು.

ಅಕ್ಕ

ಫೆಬ್ರುವರಿ ೨೦

ಅಕ್ಕಾ,

ಗುಟ್ಟೂ ಇಲ್ಲ, ಮಣ್ಣೂ ಇಲ್ಲ. ಇಲ್ಲಿನ ಜನ ಒಳ್ಳೆಯವರು. ಪಂಪನ್ನು ಮನೆಯ ಮಗುವಿನ ಹಾಗೆ ನೋಡಿಕೊಳ್ಳುತ್ತಾರೆ. ಹಾಗಂತ ಬರೆದುಕೋ.

ನನ್ನದೇನಿದೆ ಅದರಲ್ಲಿ? ಸುತ್ತಾಡುತ್ತೇನೆ, ಅಷ್ಟೇ. ನನ್ನ ಬಗ್ಗೆ ನಾನೇ ಕೊಚ್ಚಿಕೊಂಡರೆ ಅಪ್ಪ ಎಲ್ಲಿದ್ದರೂ ಬಂದು ಕಿವಿ ಹಿಂಡುತ್ತಾರೆ. ಕೇಳದ ಕಿವಿಯಾದರೂ ನೋವಾಗುತ್ತದೆ.

ಶಾಖ ಕೊಡುತ್ತಿದ್ದೇನೆ. ಮಂಡಿಗೆ ನಿನ್ನ ಮೇಲೆ ಗೌರವ ಸಾಲದು.

ತಮ್ಮ

ಏಪ್ರಿಲ್ ೧೫

ಗಿರಗಿಟ್ಲೆ,

ಕರಡು ಒಪ್ಪಿಗೆಯಾಯಿತು! ನಿನ್ನ ಮಾತನ್ನು ಅದರ ಮೊದಲ ಸಾಲಿಗೇ ಹಾಕಿದೆ: "ಪಂಪನ್ನು ಮನೆಯ ಮಗುವಿನ ಹಾಗೆ ನೋಡಿಕೊಳ್ಳುತ್ತಾರೆ." ಸಾರಾಂಶ ಅದನ್ನು ಎರಡು ಸಲ ಓದಿದರು. ಎರಡು ಸಲ ಓದುವ ಮನುಷ್ಯರಲ್ಲ ಅವರು.

ನಿಯಮ ಸರಳವಾಗಿದೆ. ಮೂರು ವರ್ಷ ಒಂದೂ ಪಂಪು ಕೆಡದ ಕಡೆಯನ್ನು ಸ್ವಾವಲಂಬಿ ಎಂದು ಘೋಷಿಸುವುದು, ಅಲ್ಲಿಂದ ಇಲಾಖೆಯ ಕೈ ಹಿಂತೆಗೆದು ಕೆಟ್ಟಿರುವ ಕಡೆಗೆ ಕಳಿಸುವುದು. ಮೊದಲು ನಿನ್ನ ಗುಡ್ಡ, ಜುಲೈ ಒಂದರಿಂದ. ಅಲ್ಲಿ ಸರಿಹೋದರೆ ಬರುವ ವರ್ಷ ನಲವತ್ತು ತಾಲ್ಲೂಕಿಗೆ.

ನಿನಗೂ ಇದರಿಂದ ಒಳ್ಳೆಯದೇ ಆಗುತ್ತದೆ. ಹೇಗೆ ಅಂತ ಈಗ ಹೇಳುವುದಿಲ್ಲ. ನಿನ್ನ ಭಾವನಿಗೂ ಹೇಳಿಲ್ಲ.

ಅಕ್ಕ

ಜುಲೈ ೧೧

ಅಕ್ಕಾ,

ಕಾಗದ ತಡವಾಯಿತು. ಎಲ್ಲ ಚೆನ್ನಾಗಿದೆ. ಮಂಡಿಯ ನೋವು ಬಹಳ ಕಡಿಮೆ. ಈಗ ಗುಡ್ಡ ಹತ್ತಿಳಿಯುವ ಕೆಲಸವಿಲ್ಲ. ಬೆಳಿಗ್ಗೆ ಬೇಗ ಏಳುವ ಅಗತ್ಯವೂ ಇಲ್ಲ.

ನನ್ನವಳು ನಿನ್ನನ್ನು ಕೇಳಿದಳು.

ತಮ್ಮ

ಆಗಸ್ಟ್ ೩

ಗಿರಗಿಟ್ಲೆ,

ನಿನ್ನ ಕಾಗದ ಓದಿ ನಾನು ಮೇಜು ಬಡಿದು ನಕ್ಕೆ. ಪಕ್ಕದವರು ಹೆದರಿದರು. ಅಂತೂ ಕೆಳಗಿಳಿದೆಯಲ್ಲ! ಇದೇ ನಾನು ಬಚ್ಚಿಟ್ಟಿದ್ದ ಮಾತು. ಗುಡ್ಡ ಸ್ವಾವಲಂಬಿಯಾದರೆ ಅಲ್ಲಿನ ಮೆಕ್ಯಾನಿಕ್ಕನ್ನು ಪೇಟೆಯ ಉಗ್ರಾಣಕ್ಕೆ ಹಾಕುತ್ತಾರೆ ಅಂತ ಗೊತ್ತಿತ್ತು. ಕುರ್ಚಿ, ಮೇಜು, ತಲೆಯ ಮೇಲೆ ಫ್ಯಾನು. ನಿನ್ನ ಮಂಡಿಗೆ ಇದಕ್ಕಿಂತ ಒಳ್ಳೆಯ ಔಷಧಿ ಯಾವ ಡಾಕ್ಟರು ಕೊಡುತ್ತಿದ್ದರು?

ಕುರ್ಚಿಗೆ ಹಾಕಿಕೊಳ್ಳಲು ಒಂದು ದಿಂಬು ಹೊಲಿದು ಕಳಿಸಿದ್ದೇನೆ. ಉಗ್ರಾಣ ಹೇಗಿದೆ, ಜೊತೆಯಲ್ಲಿ ಯಾರಿದ್ದಾರೆ, ಕಿಟಕಿ ಯಾವ ಕಡೆಗಿದೆ, ಎಲ್ಲ ಬರೆ.

ಅಕ್ಕ

ಅಕ್ಟೋಬರ್ ೬

ಗಿರಗಿಟ್ಲೆ,

ಎರಡು ತಿಂಗಳಾಯಿತು. ದಿಂಬು ತಲುಪಿತೋ ಇಲ್ಲವೋ? ನಾಲ್ಕು ಸಾಲು ಬರೆಯುವುದಕ್ಕೂ ಉಗ್ರಾಣದಲ್ಲಿ ಪುರುಸೊತ್ತಿಲ್ಲವೇ? ನಾನೇನಾದರೂ ತಪ್ಪು ಬರೆದೆನೇ? ನಿನ್ನನ್ನು ಕೇಳದೆ ಮಾಡಿದೆ ಅಂತ ಮುನಿಸಿದ್ದರೆ ಬೈದು ಬರೆ. ಬೈಗುಳವಾದರೂ ಬರಲಿ.

ಒಂದು ಸುದ್ದಿ. ನವೆಂಬರ್ ಇಪ್ಪತ್ತಕ್ಕೆ ಸಾರಾಂಶ ಗುಡ್ಡ ನೋಡಲು ಬರುತ್ತಿದ್ದಾರೆ, ಬೇರೆ ತಾಲ್ಲೂಕುಗಳ ಅಧಿಕಾರಿಗಳೂ ಜೊತೆಗಿರುತ್ತಾರೆ. ಮೂವತ್ತನಾಲ್ಕು ಪಂಪನ್ನು ಕಣ್ಣಾರೆ ನೋಡಿ ನಲವತ್ತು ತಾಲ್ಲೂಕಿನ ಆದೇಶಕ್ಕೆ ಸಹಿ ಹಾಕುತ್ತಾರಂತೆ. ನಾನೂ ಬರುತ್ತೇನೆ.

ಅಕ್ಕ

ಅಕ್ಟೋಬರ್ ೨೪

ಅಕ್ಕಾ,

ದಿಂಬು ಬಂತು. ಚೆನ್ನಾಗಿದೆ. ಹಾಕಿಕೊಳ್ಳಲು ಕುರ್ಚಿಯಿಲ್ಲ.

ನೀವು ಬರುತ್ತೀರಿ ಅಂದ ಮೇಲೆ ಮುಚ್ಚಿಟ್ಟು ಫಲವಿಲ್ಲ. ಜುಲೈ ಒಂದನೆಯ ತಾರೀಖು ನನ್ನ ಕೈಗೆ ಒಂದು ಕಾಗದ ಬಂತು. ಗುಡ್ಡವನ್ನು ಸ್ವಾವಲಂಬಿ ಮಾಡಿದ್ದಕ್ಕೆ ಅಭಿನಂದನೆ, ಉಗ್ರಾಣದಲ್ಲಿ ಜಾಗ ಖಾಲಿಯಿಲ್ಲದ ಕಾರಣ ಒಪ್ಪಂದ ಮುಗಿಯಿತು, ಸಾಮಾನು ಒಪ್ಪಿಸುವುದು. ಸ್ಪ್ಯಾನರು, ಪಂಪಿನೊಳಗಿನ ಸಲಾಕೆ ಎತ್ತುವ ಇಕ್ಕಳ, ವಾಷರಿನ ಪೆಟ್ಟಿಗೆ ಎಲ್ಲ ಒಪ್ಪಿಸಿ ಬಂದೆ. ಬರುವ ದಾರಿಯಲ್ಲಿ ಅತ್ತುಬಿಟ್ಟೆ ಅಂತ ಬರೆಯಲು ನಾಚಿಕೆಯಾಗುತ್ತದೆ, ಆದರೆ ಅತ್ತೆ. ಈಗ ಮರದ ಮಿಲ್ಲಿನಲ್ಲಿ ಹಲಗೆ ಜೋಡಿಸುತ್ತೇನೆ. ಗರಗಸದ ಸದ್ದಿಗೆ ಎಲ್ಲರೂ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ, ನನಗೆ ಆ ಖರ್ಚೂ ಇಲ್ಲ. ಹೇಳಿ ಮಾಡಿಸಿದ ಜಾಗ.

ನಿನ್ನ ಮೇಲೆ ಮುನಿಸಿಲ್ಲ. ತಪ್ಪು ನನ್ನದು. ಗುಟ್ಟೇನು ಅಂತ ನೀನು ಬಾಯಿ ಬಿಟ್ಟು ಕೇಳಿದಾಗ ನಾನು ದೊಡ್ಡ ಮನುಷ್ಯನ ಹಾಗೆ ಜನರ ಹೆಸರು ಹೇಳಿದೆ. ನಿಜ ಏನೆಂದರೆ, ಹಿಡಿಯನ್ನು ನಾಲ್ಕು ಸಲ ಒತ್ತಿದರೆ ನನ್ನ ಅಂಗೈಗೆ ಗೊತ್ತಾಗುತ್ತದೆ, ಒಳಗಿನ ಚರ್ಮದ ವಾಷರು ಇನ್ನೆಷ್ಟು ದಿನ ಬಾಳುತ್ತದೆ ಅಂತ. ಸವೆದಿದೆ ಅನ್ನಿಸಿದರೆ ಅವತ್ತೇ ಬದಲಾಯಿಸುತ್ತಿದ್ದೆ. ಅದೂ ನಡುಮಧ್ಯಾಹ್ನ, ಯಾರೂ ನೀರಿಗೆ ಬರದ ಹೊತ್ತು ನೋಡಿ. ಕೊಡ ಹಿಡಿದು ಬಂದವರನ್ನು ಕಾಯಿಸಬಾರದು ಅಂತ. ಕೆಟ್ಟ ಮೇಲೆ ಮುಟ್ಟಿದರೆ ರಿಪೇರಿ. ಕೆಡುವ ಮೊದಲು ಮುಟ್ಟುವುದಕ್ಕೆ ಏನನ್ನುತ್ತಾರೆ ನನಗೆ ಗೊತ್ತಿಲ್ಲ, ಫಾರಮ್ಮಿನಲ್ಲಿ ಅದಕ್ಕೆ ಜಾಗವೂ ಇರಲಿಲ್ಲ. ಅದಕ್ಕೇ "ಇಲ್ಲ" ಅಂತ ಬರೆದೆ. ಯಾವ ಪಂಪಿಗೆ ಯಾವತ್ತು ಏನು ಹಾಕಿದೆ ಅಂತ ಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗುರುತು ಮಾಡಿಕೊಂಡಿದ್ದೇನೆ, ಮರೆಯಬಾರದು ಅಂತ. ಅದು ನನಗಾಗಿ.

ಈಗ ಒಂಬತ್ತು ಪಂಪು ಕೆಟ್ಟು ನಿಂತಿವೆ. ಅಡಿಯ ಹಳ್ಳಿಯ ಅಜ್ಜಿ ಹೇಳಿದ್ದು ಕೇಳು: "ನೀನು ಟೀ ಕುಡಿಯೋಕೆ ಬರೋದು ಬಿಟ್ಯಲ್ಲ, ಪಂಪಿಗೆ ಬೇಜಾರಾಗಿದೆ ಕಣಪ್ಪ." ಹದಿಮೂರು ವರ್ಷ ನಾನು ಹೋಗುತ್ತಿದ್ದದ್ದು ಟೀಗೆ ಅಂತಲೇ ಅವರೆಲ್ಲ ತಿಳಿದಿದ್ದಾರೆ!

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಸಾಮಾನಿಲ್ಲದೆ ಆ ಒಂಬತ್ತನ್ನು ರಿಪೇರಿ ಮಾಡಲಿಲ್ಲ ಅಂದರೆ ಅದು ಅರ್ಧ ನಿಜ. ಸುತ್ತಿಗೆಯನ್ನು ಕೇಳಿದ್ದರೆ ಕೊಡುತ್ತಿದ್ದ. ಕೇಳಲಿಲ್ಲ. ಕೆಡಲಿ, ಗೊತ್ತಾಗಲಿ ಅನ್ನುವ ಸಿಟ್ಟಿತ್ತು. ಮೊನ್ನೆ ಗುಡ್ಡದ ಆಸ್ಪತ್ರೆಯ ನರ್ಸಮ್ಮ ಹೆರಿಗೆಯ ಕೋಣೆಗೆ ಹಳ್ಳದ ಕೆಂಪುನೀರು ತರಿಸಿ ಬಟ್ಟೆಯಲ್ಲಿ ಸೋಸುತ್ತಿದ್ದರು. ಆ ಸಿಟ್ಟು ಅಲ್ಲೇ ಇಳಿಯಿತು.

ನೀನು ಹೆದರಬೇಡ. ಸುತ್ತಿಗೆ ಸಾಮಾನು ಕೊಡುತ್ತೇನೆ ಅಂದಿದ್ದಾನೆ. ನವೆಂಬರ್ ಇಪ್ಪತ್ತರ ಹೊತ್ತಿಗೆ ಮೂವತ್ತನಾಲ್ಕೂ ನಡೆಯುತ್ತಿರುತ್ತವೆ. ನಿಮ್ಮ ಸಾಹೇಬರು ನೋಡಲಿ, ಸಹಿ ಹಾಕಲಿ. ನಾನು ಬಾಯಿ ಬಿಡುವುದಿಲ್ಲ. ನಿನ್ನ ಹೆಸರು ಕೆಡುವುದಿಲ್ಲ.

ತಮ್ಮ

ಅಕ್ಟೋಬರ್ ೩೧

ತಮ್ಮಾ,

ಕಡತದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ನಿನ್ನ ಕಾಗದ ಓದಿದೆ. ಮತ್ತೆ ಹೊರಗೆ ಬರಲು ಅರ್ಧ ಗಂಟೆ ಬೇಕಾಯಿತು.

ತಪ್ಪು ನಿನ್ನದೂ ಹೌದು, ಆದರೆ ದೊಡ್ಡ ಪಾಲು ನನ್ನದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ಆಗಿಬಿಟ್ಟೆ. ಹದಿಮೂರು ವರ್ಷ ಒಂದೂ ಪಂಪು ಕೆಟ್ಟಿಲ್ಲ ಅಂದರೆ ಹೇಗೆ ಸಾಧ್ಯ ಅಂತ ಒಂದು ಸಲವಾದರೂ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ನಿನ್ನನ್ನು ಗುಡ್ಡದಿಂದ ಇಳಿಸಬೇಕೆಂಬ ಆಸೆ ಒಳಗೆ ಕೂತಿತ್ತಲ್ಲ, ಅದು ಯೋಚಿಸಲು ಬಿಡಲಿಲ್ಲ. ಉಗ್ರಾಣದಲ್ಲಿ ಜಾಗ ಇದೆಯೇ ಅಂತ ಒಂದು ಮಾತು ವಿಚಾರಿಸಲೂ ಇಲ್ಲ. ನಿನ್ನ ಅನ್ನದ ದಾರಿಯನ್ನು ನಿನ್ನ ಅಕ್ಕನೇ ಮುಚ್ಚಿದಳು. ಹೊಟ್ಟೆಗೆ ಹಾಕಿಕೋ.

ಈಗ ನಾನು ಹೇಳುವುದನ್ನು ಮಾಡು. ನಾಳೆಯೇ ಪಂಪುಗಳನ್ನು ಸರಿಮಾಡು, ನಾವು ಬರುವ ದಿನಕ್ಕೆ ಕಾಯಬೇಡ. ಮೊದಲು ನರ್ಸಮ್ಮನದು. ಆದರೆ ನಡುಮಧ್ಯಾಹ್ನ ಬೇಡ. ಎಲ್ಲರೂ ಕೊಡ ಹಿಡಿದು ನಿಂತಿರುವ ಹೊತ್ತಿಗೇ ಮಾಡು. ಕಾಯಲಿ, ನೋಡಲಿ. ಸವೆದ ವಾಷರುಗಳನ್ನು ಎಸೆಯಬೇಡ. ಮತ್ತು ಬಾಯಿ ಬಿಡು. ಕ್ಯಾಲೆಂಡರುಗಳನ್ನೆಲ್ಲ ಸಾರಾಂಶರ ಕೈಗೆ ಕೊಡು.

ನಿನ್ನೆಯೇ ಅವರ ಮುಂದೆ ನಿಂತು ಹೇಳಿದೆ: "ಸಾರ್, ನಾನು ಬರೆದ ನಿಯಮ ತಪ್ಪು. ಆ ಗುಡ್ಡ ತಾನಾಗಿ ನಿಂತಿರಲಿಲ್ಲ, ಒಬ್ಬರು ನಿಲ್ಲಿಸಿಟ್ಟಿದ್ರು. ಅವರು ನನ್ನ ತಮ್ಮ." ಅವರು ಕಡತವನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ, "ತಮ್ಮ ಅಂದ ಮೇಲೆ ಈ ಕಡತವನ್ನ ನೀವು ಮುಟ್ಟೋ ಹಾಗಿಲ್ಲಮ್ಮ" ಅಂದರು. ಸರಿಯಾಗಿಯೇ ಅಂದರು. ನಾನು ಇಪ್ಪತ್ತನೆಯ ತಾರೀಖು ಬರುವುದಿಲ್ಲ. ನೀನೊಬ್ಬನೇ ಮಾತಾಡಬೇಕು.

ಅಕ್ಕ

ನವೆಂಬರ್ ೨೩

ಅಕ್ಕಾ,

ಬಂದರು, ನೋಡಿದರು, ಹೋದರು. ಒಂಬತ್ತೂ ಅಷ್ಟರಲ್ಲಿ ನಡೆಯುತ್ತಿದ್ದವು. ನರ್ಸಮ್ಮನ ಪಂಪು ಮೂರನೆಯ ತಾರೀಖಿಗೇ ಆಯಿತು. ಅವರು ಕೈ ತೊಳೆದುಕೊಂಡು ಆ ಕೈಯನ್ನು ನನ್ನ ತಲೆಯ ಮೇಲಿಟ್ಟರು. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವರು, ಆದರೂ ಇಟ್ಟರು.

ಎಲ್ಲರ ಮುಂದೆ ಕೆಲಸ ಮಾಡುವುದು ನನಗೆ ಬಟ್ಟೆ ಬಿಚ್ಚಿ ನಿಂತ ಹಾಗಾಯಿತು. ಸಲಾಕೆ ಮೇಲೆಳೆದು ಸವೆದ ವಾಷರು ತೋರಿಸಿದರೆ ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇಷ್ಟೇ ಇಷ್ಟು ಚರ್ಮಕ್ಕಾ ನಾವು ಹಳ್ಳಕ್ಕೆ ಹೋಗಿದ್ದು?" ಅಂತ ಕೇಳಿದರು.

ನಿಮ್ಮ ಸಾಹೇಬರು ಅದೇ ಅಜ್ಜಿಯನ್ನು ಮಾತಾಡಿಸಿದರು. ನನ್ನವಳು ಪಕ್ಕದಲ್ಲಿ ನಿಂತು, ಇನ್ನೂ ಅಷ್ಟಿಷ್ಟು ಕೇಳುವ ನನ್ನ ಒಳ್ಳೆಯ ಕಿವಿಗೆ ಹೇಳುತ್ತಿದ್ದಳು.

"ಅಮ್ಮ, ಇಷ್ಟು ವರ್ಷ ನಿಮ್ಮ ಪಂಪು ಯಾಕೆ ಕೆಡಲಿಲ್ಲ?"

"ಒಳ್ಳೇ ಪಂಪು ಅಂದ್ಕೊಂಡಿದ್ದೆ ಸ್ವಾಮಿ. ಈಗ ಗೊತ್ತಾಯ್ತು, ಪಂಪೆಲ್ಲ ಒಂದೇ. ಇವನೇ ಒಳ್ಳೆಯವನು."

ನಾನು ಚೀಲದಿಂದ ಕ್ಯಾಲೆಂಡರುಗಳನ್ನು ತೆಗೆದು ಕೊಟ್ಟೆ. ಒಂದು ಪುಟದ ಮನುಷ್ಯ ಅಂದಿದ್ದೆಯಲ್ಲ ನೀನು, ಪಂಪಿನ ಕಟ್ಟೆಯ ಮೇಲೆ ಕೂತು ಹದಿಮೂರು ವರ್ಷವನ್ನೂ ತಿರುವಿ ಹಾಕಿದರು. ಉಳಿದವರು ಬಿಸಿಲಲ್ಲಿ ನಿಂತೇ ಇದ್ದರು. ಕೊನೆಗೆ ಎದ್ದು, "ಇದನ್ನ ನನಗೆ ಯಾಕೆ ಯಾರೂ ಹೇಳಲಿಲ್ಲ?" ಅಂದರು. ಬರೆಯಬೇಕಾದವನು ನಾನೇ ಅಲ್ಲವೇ?

ಸಹಿ ಹಾಕಲಿಲ್ಲ ಅಂತ ಕೇಳಿದೆ. ನಿನ್ನನ್ನು ಏನು ಮಾಡಿದರು? ಮುಚ್ಚಿಡಬೇಡ, ನಮ್ಮಿಬ್ಬರಲ್ಲಿ ಆ ಆಟ ಸಾಕು.

ತಮ್ಮ

ಜನವರಿ ೧೪

ತಮ್ಮಾ,

ಮುಚ್ಚಿಡುವುದಿಲ್ಲ. ನನ್ನನ್ನು ಹಳೆಯ ಕಡತಗಳ ವಿಭಾಗಕ್ಕೆ ಹಾಕಿದ್ದಾರೆ. ನೆಲಮಹಡಿ, ಕಿಟಕಿಯೇ ಇಲ್ಲ. ಗೆದ್ದಲು ಅಂದಿದ್ದೆಯಲ್ಲ, ಈಗ ಅದರ ಜೊತೆಯಲ್ಲೇ ಸಂಸಾರ.

ಒಳ್ಳೆಯ ಸುದ್ದಿ ಮೊದಲು. ನಿಯಮ ರದ್ದಾಯಿತು. ನಲವತ್ತು ತಾಲ್ಲೂಕಿನಲ್ಲೂ ಮೆಕ್ಯಾನಿಕ್ಕುಗಳು ಇದ್ದಲ್ಲೇ ಇರುತ್ತಾರೆ. ತಿಂಗಳ ಫಾರಮ್ಮಿಗೆ ಹೊಸ ಕಾಲಂ ಬಂದಿದೆ, "ಕೆಡುವ ಮೊದಲೇ ಮಾಡಿದ ಕೆಲಸ". ನಿನ್ನ ಗುಡ್ಡಕ್ಕೆ ಮೆಕ್ಯಾನಿಕ್ಕಿನ ಜಾಗ ಮತ್ತೆ ಮಂಜೂರಾಗಿದೆ, ಕಾಯಂ ಆಗಿ.

ಇನ್ನೊಂದನ್ನು ಬರೆಯಲು ಮೂರು ಕಾಗದ ಹರಿದು ಹಾಕಿದೆ. ಆ ಜಾಗಕ್ಕೆ ನಿನ್ನ ಅರ್ಜಿ ಬಂದಿತ್ತು. ಬಿದ್ದುಹೋಯಿತು. ಕಾಯಂ ಕೆಲಸಕ್ಕೆ ಇಲಾಖೆಯ ದಾಖಲೆಯಲ್ಲಿ ಕನಿಷ್ಠ ನೂರು ರಿಪೇರಿ ಇರಬೇಕಂತೆ. ನಿನ್ನ ಹೆಸರಿನ ಮುಂದೆ ಸೊನ್ನೆ ಇದೆ. ಕ್ಯಾಲೆಂಡರು ಇಲಾಖೆಯ ದಾಖಲೆಯಲ್ಲ ಅಂತ ಆಯ್ಕೆಯವರು ಬರೆದಿದ್ದಾರೆ. ಸಾರಾಂಶ ಎರಡು ಸಲ ವಾದಿಸಿದರು. ನಾನು ಒಂದು ಮಾತೂ ಆಡುವ ಹಾಗಿರಲಿಲ್ಲ, ನಾನು ನಿನ್ನ ಅಕ್ಕ. ಜಾಗ ಸುತ್ತಿಗೆಗೆ ಹೋಯಿತು. ಸಾವಿರದ ಇನ್ನೂರು ರಿಪೇರಿಯಂತೆ ಅವನದು.

ನಾನು ಊಟ ಬಿಟ್ಟು ಕೂತಿದ್ದೆ. ನಿನ್ನ ಭಾವ, "ನೀನು ಉಪವಾಸ ಕೂತ್ರೆ ಅವನಿಗೇನು ಸಿಗುತ್ತೆ, ಕಾಗದ ಬರಿ" ಅಂದರು. ಬರೆದಿದ್ದೇನೆ. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕು ನಿನಗಿದೆ.

ಅಕ್ಕ

ಫೆಬ್ರುವರಿ ೧೬

ಅಕ್ಕಾ,

ಮೊದಲು ಊಟ ಮಾಡು.

ಸುದ್ದಿ ಓದಿದ ದಿನ ಮಿಲ್ಲಿಗೆ ಹೋಗಲಿಲ್ಲ. ಸುತ್ತಿಗೆಯ ಕೈಗೆ ನನ್ನ ಪಂಪುಗಳೇ ಅಂತ ಹೊಟ್ಟೆ ಉರಿಯಿತು. ಸುಳ್ಳು ಹೇಳುವುದಿಲ್ಲ, ಎರಡು ದಿನ ಚೆನ್ನಾಗಿಯೇ ಉರಿಯಿತು.

ಮೂರನೆಯ ದಿನ ಬೆಳಿಗ್ಗೆ ಅವನೇ ಮನೆಗೆ ಬಂದ. ಕೈಯಲ್ಲಿ ಹೊಸ ಫಾರಂ. ಒಳಗೆ ಬಾ ಅಂದರೂ ಬರದೆ ಹೊಸ್ತಿಲಲ್ಲೇ ನಿಂತು, ನನ್ನ ಒಳ್ಳೆಯ ಕಿವಿಯ ಹತ್ತಿರ ಕೂಗಿದ: "ಅಣ್ಣ, ಈ ಹೊಸ ಕಾಲಂ ಏನು ಅಂತ ನನಗೆ ಗೊತ್ತಿಲ್ಲ. ನಾನು ಇಷ್ಟು ವರ್ಷ ಮಾಡಿದ್ದೆಲ್ಲ ಕೆಟ್ಟ ಮೇಲೆ ಮಾಡಿದ್ದು. ನೀವು ತೋರಿಸ್ಕೊಡ್ತೀರಾ?" ಅವನ ಕಣ್ಣಲ್ಲಿ ನೀರಿತ್ತು. ಆಗ ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ, ನೀನೇ ಹೇಳು.

ಮಿಲ್ಲಿಗೆ ವಾರಕ್ಕೊಂದು ದಿನ ರಜೆ. ಆ ದಿನ ಅವನ ಜೊತೆ ಗುಡ್ಡ ಹತ್ತುತ್ತೇನೆ ಅಂತ ಒಪ್ಪಿಕೊಂಡೆ. ಮಂಡಿಯ ವಿಷಯ ನೀನು ಎತ್ತಬೇಡ.

ನಿನ್ನೆ ಮೊದಲ ದಿನ. ಅವನು ಚೀಲ ತೆರೆದು ಸುತ್ತಿಗೆ ತೆಗೆದುಕೊಂಡು ತಯಾರಾಗಿ ನಿಂತ. ನಾನು ಅದನ್ನು ಕಸಿದುಕೊಂಡು ಚೀಲಕ್ಕೇ ಹಾಕಿ, ನರ್ಸಮ್ಮನ ಪಂಪಿನ ಮುಂದೆ ಅವನನ್ನು ನಿಲ್ಲಿಸಿ, ಅವನ ಕೈಯನ್ನು ಹಿಡಿಯ ಮೇಲಿಟ್ಟು ಅದರ ಮೇಲೆ ನನ್ನ ಕೈಯಿಟ್ಟೆ. ನಾಲ್ಕು ಸಲ ಒತ್ತಿದೆವು. ನೀರು ದಬದಬ ಬಂತು.

ಅವನು ನನ್ನ ಮುಖ ನೋಡಿದ. "ಅಣ್ಣ, ಇದು ಕೆಟ್ಟಿಲ್ವಲ್ಲ?"

"ಇಲ್ಲ ಕಣಯ್ಯಾ," ಅಂದೆ. "ಅದಕ್ಕೇ ಬಂದಿರೋದು."

ತಮ್ಮ